ಸೇಜ್‌ಬ್ರಷ್ ಸೀಮೆಯ ಮರಳು ಮಣ್ಣನ್ನು ಪರೀಕ್ಷಿಸುವುದು ಹೇಗೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗವು ಕ್ಯಾಸ್ಕೇಡ್ ಪರ್ವತಸಾಲಿನ ಮಳೆನೆರಳಿನಲ್ಲಿದೆ. ಅಲ್ಲಿ ಕೊಲಂಬಿಯಾ ನದಿಯ ಆಸುಪಾಸಿನ ತಗ್ಗು ಬಯಲುಗಳಲ್ಲಿ ವರ್ಷಕ್ಕೆ ಸುಮಾರು 150ರಿಂದ 250 ಮಿ.ಮೀ. ಮಳೆ ಮತ್ತು ಹಿಮ ಬೀಳುತ್ತದೆ. ಹಿಮಯುಗದ ಕೊನೆಯಲ್ಲಿ ನುಗ್ಗಿದ ಮಹಾಪ್ರವಾಹಗಳು ತಂದು ಸುರಿದ ಮರಳನ್ನು ಗಾಳಿಯು ಸಾವಿರಾರು ವರ್ಷ ಎತ್ತಿ ಹರಡಿದ್ದರಿಂದ ಉಂಟಾದ ‘ಕ್ವಿನ್ಸಿ’ ಎಂಬ ಮಣ್ಣು, ಸೇಜ್‌ಬ್ರಷ್ ಎಂಬ ಪೊದೆ ಬೆಳೆಯುವ ಈ ಸೀಮೆಯಲ್ಲಿ ವ್ಯಾಪಕವಾಗಿದೆ. ಮರಳು ನೀರು ಹಿಡಿಯದ ಬಡ ಮಣ್ಣು ಎಂಬುದು ಎಲ್ಲೆಡೆಯ ತಿಳಿವಳಿಕೆ. ಮಳೆ ಕಡಿಮೆಯಿರುವ ಇಂಥ ನಾಡಿನಲ್ಲಿ ಆ ಮಾತು ಅರ್ಧ ಮಾತ್ರ ನಿಜ; ಉಳಿದರ್ಧವನ್ನು ಗುಂಡಿ ತೋಡಿ ಕಣ್ಣಾರೆ ನೋಡಬಹುದು.

ಮೊದಲು ಜಾಗದ ಒಡೆಯರ ಅನುಮತಿ ಪಡೆಯಬೇಕು. ನೆಲದಡಿಯ ಕೊಳವೆ, ತಂತಿಗಳ ಬಗ್ಗೆ ತಿಳಿಯಲು ಅಲ್ಲಿ 811ಕ್ಕೆ ಕರೆ ಮಾಡುವುದು ವಾಡಿಕೆ. ಬಳಿಕ ಗುಂಡಿಗೆ ತಕ್ಕ ಸ್ಥಳ ಆರಿಸಿಕೊಳ್ಳಬೇಕು. ಬೂದುಹಸಿರು ಎಲೆಯ ಸೇಜ್‌ಬ್ರಷ್ ಪೊದೆಗಳು ಒಂದಕ್ಕೊಂದು ದೂರ ದೂರ ನಿಂತಿರುತ್ತವೆ. ನಮ್ಮ ದವನದ ಕುಲಕ್ಕೇ ಸೇರಿದ ಈ ಗಿಡದ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಗಾಢವಾದ ಪರಿಮಳ ಬರುತ್ತದೆ. ಒಂದು ಗುಂಡಿಯನ್ನು ಪೊದೆಯ ಅಂಚಿನಲ್ಲಿ, ಇನ್ನೊಂದನ್ನು ಎರಡು ಪೊದೆಗಳ ನಡುವಿನ ಬಯಲಿನಲ್ಲಿ ತೋಡುವುದು ಒಳ್ಳೆಯದು. ಉದುರಿದ ಎಲೆ ಕೊಳೆಯುವುದರಿಂದಲೂ, ಗಾಳಿ ತಂದ ನುಣ್ಣನೆಯ ಧೂಳು ಕೊಂಬೆಗಳಿಗೆ ತಡೆದು ನಿಲ್ಲುವುದರಿಂದಲೂ ಸತ್ವವೆಲ್ಲ ಪೊದೆಯ ಬುಡದಲ್ಲೇ ಸೇರಿಕೊಳ್ಳುತ್ತದೆ. ಒಂದೇ ಗುಂಡಿ ನೋಡಿದವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಬಯಲಿನ ಮೇಲ್ಮೈಯನ್ನು ಅಗೆಯುವ ಮುನ್ನ ಕುಳಿತು ನೋಡಬೇಕು. ಕಪ್ಪಗೆ, ತುಸು ಉಬ್ಬುತಗ್ಗಾಗಿ ಕಾಣುವ ತೆಳುವಾದ ಹೊರಪದರವು ಪಾಚಿ, ಕಲ್ಲುಹೂವು ಮತ್ತು ಸೂಕ್ಷ್ಮಜೀವಿಗಳಿಂದ ಕಟ್ಟಿದ ಜೀವಂತ ಹೊದಿಕೆ. ಮರಳಿನ ಕಣಗಳನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವುದು ಇದೇ. ತುಳಿದು ಒಡೆದರೆ ಮತ್ತೆ ಕಟ್ಟಿಕೊಳ್ಳಲು ಬಹಳ ವರ್ಷ ಬೇಕು. ಆದ್ದರಿಂದ ಹೋಗಿಬರುವುದಕ್ಕೆ ಒಂದೇ ದಾರಿ ಇಟ್ಟುಕೊಳ್ಳಿ, ಮೇಲ್ಪದರವನ್ನು ಸನಿಕೆಯಿಂದ ಇಡಿಯಾಗಿ ಎತ್ತಿ ಪಕ್ಕದಲ್ಲಿಡಿ.

ಗುಂಡಿಯ ಆಳ ಒಂದು ಮೀಟರಿನಷ್ಟಿದ್ದರೆ ಸಾಕು. ಒಣ ಮರಳಿನ ಗೋಡೆ ಕುಸಿಯುವುದರಿಂದ ಅಂಚುಗಳನ್ನು ಇಳಿಜಾರಾಗಿ ಕಡಿಯಬೇಕು, ಮಕ್ಕಳನ್ನು ಒಳಗೆ ಇಳಿಸಬಾರದು. ಬೂದುಗಂದು ಬಣ್ಣವು ಮೇಲಿನಿಂದ ಕೆಳಗಿನವರೆಗೆ ಹೆಚ್ಚು ಬದಲಾಗುವುದಿಲ್ಲ. ಸ್ಪಷ್ಟವಾದ ಪದರಗಳು ಇನ್ನೂ ರೂಪುಗೊಳ್ಳದ ಎಳೆಯ ಮಣ್ಣಿನ ಗುರುತು ಅದು. ಒಂದು ಹಿಡಿ ತೆಗೆದು ನೀರು ಚಿಮುಕಿಸಿ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ಒತ್ತಿ ಪಟ್ಟಿಯಂತೆ ಎಳೆಯಲು ನೋಡಿ. ಉಂಡೆ ಮುಟ್ಟಿದೊಡನೆ ಉದುರುತ್ತದೆ, ಪಟ್ಟಿ ಬರುವುದೇ ಇಲ್ಲ; ಅಂಟಿನ ಜೇಡಿ ತೀರ ಕಡಿಮೆ ಎಂಬುದರ ಗುರುತು ಇದು. ಅನುಮಾನವಿದ್ದರೆ ಗಾಜಿನ ಜಾಡಿಯಲ್ಲಿ ಮಣ್ಣು, ನೀರು, ಒಂದು ಚಿಟಿಕೆ ಪಾತ್ರೆ ತೊಳೆಯುವ ಪುಡಿ ಹಾಕಿ ಚೆನ್ನಾಗಿ ಕುಲುಕಿ ಇಡಿ: ಒಂದು ನಿಮಿಷದೊಳಗೆ ತಳ ಸೇರುವುದು ಮರಳು, ಸುಮಾರು ಎರಡು ಗಂಟೆಯಲ್ಲಿ ಕೂರುವುದು ಮರಳಿಗಿಂತ ನುಣ್ಣನೆಯ ರೇವೆ, ಮರುದಿನವೂ ನೀರನ್ನು ಬಗ್ಗಡವಾಗಿಸಿರುವುದು ಜೇಡಿ.

ಇನ್ನು ಮುಖ್ಯವಾದ ಪರೀಕ್ಷೆ, ನೀರಿನದು. ನಮ್ಮ ಮುಂಗಾರಿನಂತೆ ಬೇಸಿಗೆಯ ಬೆನ್ನಿಗೆ ಬಾರದೆ, ಅಲ್ಲಿನ ಮಳೆ-ಹಿಮದ ಹೆಚ್ಚಿನ ಪಾಲು ಚಳಿಗಾಲದಲ್ಲಿ ಬೀಳುವುದರಿಂದ, ವಸಂತದ ಆರಂಭ ಇದಕ್ಕೆ ತಕ್ಕ ಕಾಲ. ಅಳತೆ ಗೊತ್ತಿರುವ ತಗಡಿನ ಡಬ್ಬಿಯನ್ನು ಗುಂಡಿಯ ಗೋಡೆಗೆ ಒತ್ತಿ ಮಣ್ಣು ತುಂಬಿಸಿ, ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಬೇಕು. ಉದಾಹರಣೆಗೆ 500 ಮಿ.ಲೀ. ಡಬ್ಬಿಯ ಮಣ್ಣು 50 ಗ್ರಾಂ ತೂಕ ಕಳೆದುಕೊಂಡರೆ ಗಾತ್ರದ ಲೆಕ್ಕದಲ್ಲಿ ನೀರಿನ ಪಾಲು ಶೇ 10, ಅಂದರೆ 10 ಸೆಂ.ಮೀ. ದಪ್ಪದ ಪದರದಲ್ಲಿ 10 ಮಿ.ಮೀ. ನೀರು. ಮರಳಿನಲ್ಲಿ ಇದರಲ್ಲೂ ಗಿಡಕ್ಕೆ ದಕ್ಕುವುದು ಸುಮಾರು ಅರ್ಧಕ್ಕಿಂತ ತುಸು ಹೆಚ್ಚು. ಒಂದು ಮೀಟರ್ ಆಳಕ್ಕೆ ಲೆಕ್ಕ ಹಾಕಿದರೆ 50ರಿಂದ 80 ಮಿ.ಮೀ. ಮರಳು, ರೇವೆ, ಜೇಡಿ ಹದವಾಗಿ ಬೆರೆತ ಗೋಡು ಮಣ್ಣಿಗೆ ಹೋಲಿಸಿದರೆ ಇದು ಅರ್ಧಕ್ಕಿಂತ ಕಡಿಮೆ.

ಆದರೆ ಇದೇ ಸಂಖ್ಯೆಯನ್ನು ತಿರುಗಿಸಿ ನೋಡಬೇಕು. 10 ಮಿ.ಮೀ. ಮಳೆಯು ಒಣಗಿದ ಎರೆಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿದು ನಿಲ್ಲುತ್ತದೆ, ಬಿಸಿಲಿಗೆ ಸುಲಭವಾಗಿ ಆವಿಯಾಗುತ್ತದೆ. ಕಡಿಮೆ ಹಿಡಿಯುವ ಮರಳಿನಲ್ಲಿ ಅಷ್ಟೇ ಮಳೆ ಸುಮಾರು 10 ಸೆಂ.ಮೀ. ಇಳಿಯುತ್ತದೆ, ಮುಂದಿನ ಮಳೆ ಅದನ್ನು ಇನ್ನೂ ಕೆಳಕ್ಕೆ ತಳ್ಳುತ್ತದೆ. ಮೇಲಿನ ಕೆಲವು ಸೆಂಟಿಮೀಟರ್ ಒಣಗಿದ ಮೇಲೆ, ದಪ್ಪ ಕಣಗಳ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಮೇಲೇರಲಾಗದೆ, ಒಣ ಮರಳೇ ತೇವಕ್ಕೆ ಮುಚ್ಚಳವಾಗುತ್ತದೆ. ಬೇಸಿಗೆಯ ಆರಂಭದಲ್ಲಿ ಗುಂಡಿಯ ಗೋಡೆಯ ಮೇಲೆ ಕೈಯಾಡಿಸಿ ಕೆಳಗಿಳಿಸಿದರೆ, ಬಿಸಿ ಪುಡಿಮರಳು ಮುಗಿದು ತಣ್ಣನೆಯ, ಬಣ್ಣ ಗಾಢವಾದ ತೇವದ ಮರಳು ಶುರುವಾಗುವ ಗೆರೆ ಬೆರಳಿಗೇ ಸಿಗುತ್ತದೆ. ಸೇಜ್‌ಬ್ರಷ್‌ನ ಆಳದ ಬೇರುಗಳು ಬದುಕುವುದು ಆ ತೇವದ ಮೇಲೆ. ರಾತ್ರಿ ಅವು ಆಳದ ನೀರನ್ನೆತ್ತಿ ಮೇಲಿನ ಒಣ ಮಣ್ಣಿಗೆ ಬಿಡುತ್ತವೆ ಎಂಬುದನ್ನು ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದರು.

ರಾಸಾಯನಿಕ ಗುಣಗಳನ್ನು ಪ್ರಯೋಗಾಲಯಕ್ಕೆ ಬಿಡುವುದೇ ಲೇಸು. ಸಾವಯವ ಅಂಶ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ, ರಸಸಾರ (pH) ತುಸು ಕ್ಷಾರದ ಕಡೆಗೆ. ಕೆಳಗಿನ ಮಣ್ಣಿಗೆ ವಿನೆಗರ್ ಹನಿಸಿದಾಗ ನೊರೆ ಬಂದರೆ ಸುಣ್ಣದಂಶ ಇದೆಯೆಂದು ಗುರುತು ಹಾಕಿಕೊಳ್ಳಿ.

ಕೆಲಸ ಮುಗಿದ ಮೇಲೆ ಆಳದ ಮಣ್ಣನ್ನು ಮೊದಲು ಹಾಕಿ ತುಂಬಿ, ಎತ್ತಿಟ್ಟ ಮೇಲ್ಪದರವನ್ನು ಮುಖ ಮೇಲಾಗಿ ಕೂರಿಸಬೇಕು. ಕಲಕಿದ ನೆಲವನ್ನು ಹಾಗೆಯೇ ಬಿಟ್ಟರೆ ಯುರೇಷ್ಯಾದಿಂದ ಬಂದ ಚೀಟ್‌ಗ್ರಾಸ್ ಎಂಬ ಹುಲ್ಲು ನುಗ್ಗುತ್ತದೆ. ಬೇಸಿಗೆಯ ಹೊತ್ತಿಗೆ ಅದು ಒಣಗಿ ಬೆಂಕಿಗೆ ಮೇವಾಗುತ್ತದೆ, ಒಮ್ಮೆ ಸುಟ್ಟ ಸೇಜ್‌ಬ್ರಷ್ ಬುಡದಿಂದ ಮತ್ತೆ ಚಿಗುರುವುದಿಲ್ಲ. ಗ್ರ್ಯಾಂಡ್ ಕೂಲಿ ಅಣೆಕಟ್ಟಿನ ನೀರಿನಿಂದ ಇದೇ ಸೀಮೆಯಲ್ಲಿ ಆಲೂಗಡ್ಡೆ ಬೆಳೆಯುವವರಿಗೂ ಮೇಲಿನ ಲೆಕ್ಕ ಬೇಕು. ಬೇರಿನ ಆಳಕ್ಕೆ ಹಿಡಿಸುವಷ್ಟೇ ನೀರನ್ನು ಸ್ವಲ್ಪ ಸ್ವಲ್ಪವಾಗಿ, ಮೇಲಿಂದ ಮೇಲೆ ಕೊಡಬೇಕು. ಸಾರಜನಕ ಗೊಬ್ಬರವನ್ನೂ ಕಂತುಗಳಲ್ಲೇ ಹಾಕಬೇಕು. ಹೆಚ್ಚಾದ ನೀರು ಗೊಬ್ಬರವನ್ನು ಕರಗಿಸಿಕೊಂಡು ನೇರ ಅಂತರ್ಜಲಕ್ಕೆ ಇಳಿಯುತ್ತದೆ, ಅದೇ ನೀರು ಊರವರ ಬಾವಿಗಳಿಗೂ ಬರುತ್ತದೆ.