ಎನ್‌ಐಸಿಯುನಲ್ಲಿ ಅವಳಿಗಳು: ಒಬ್ಬ ತಾಯಿಯ ಹಾಲು ಇಬ್ಬರಿಗೆ ಹಂಚುವ ನನ್ನ ಕ್ರಮ

34 ವಾರಕ್ಕೆ ಮೊದಲೇ ಹುಟ್ಟಿದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಒಟ್ಟಿಗೆ ಹೊಂದುವುದಿಲ್ಲ. ಹಾಗಾಗಿ ಹಾಲು ಮೊದಲು ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ, ಆಮೇಲೆ ಒಳಲೆಯಲ್ಲಿ. ಮಂಗಳೂರಿನಲ್ಲಿ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನರ್ಸ್ ಆಗಿ ನಾನು ಹೆರಿಗೆಯಾದ ಆರು ಗಂಟೆಯೊಳಗೆ ಬಾಣಂತಿಯಿಂದ ಹಾಲು ಹಿಂಡಿಸಲು ಶುರುಮಾಡುತ್ತೇನೆ. ಸಿಸೇರಿಯನ್ ಆಗಿದ್ದರೆ ಮಲಗಿದಲ್ಲೇ, ಕೈಯಿಂದ. ಮೊದಲ ದಿನ ಬರುವುದು ಕೆಲವೇ ಹನಿ. ಬಾಟಲಿಗೆ ಹಿಂಡಿದರೆ ಅದರ ಒಳಗೋಡೆಗೇ ಅಂಟಿ ಹೋಗುತ್ತದೆ, 2 ಮಿಲಿ ಸಿರಿಂಜಿನಲ್ಲಿ ಎಳೆದುಕೊಳ್ಳಬೇಕು. ಮುಂದೆ ದಿನಕ್ಕೆ 8ರಿಂದ 10 ಸಲ. "ಪಾಪ, ಮಲಗಲಿ" ಎಂದು ಮನೆಯವರು ತಪ್ಪಿಸುವುದು ರಾತ್ರಿಯ ಸರದಿಯನ್ನು. ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಏರುವುದೂ ಆಗಲೇ.

ಮಗು ಪೂರ್ತಿ ಹಾಲಿನ ಮೇಲೆಯೇ ಇರುವ ಹಂತಕ್ಕೆ ಬಂದ ಮೇಲೆ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 160 ಮಿಲಿ ಎಂದಿಟ್ಟುಕೊಳ್ಳಿ. 1.7 ಕಿಲೋ ಮಗುವಿಗೆ 272, 1.4 ಕಿಲೋದ್ದಕ್ಕೆ 224. ಎರಡು ಗಂಟೆಗೊಮ್ಮೆಯಾದರೆ ಒಂದು ಸಲಕ್ಕೆ ಹೆಚ್ಚುಕಮ್ಮಿ 23 ಮತ್ತು 19 ಮಿಲಿ. ಏರಿಸುವುದು, ಇಳಿಸುವುದು ಡಾಕ್ಟರು, ಅದೂ ಒಂದೊಂದು ಮಗುವಿಗೆ ಬೇರೆಬೇರೆ. ಒಂದಕ್ಕೆ ಹೊಟ್ಟೆ ಉಬ್ಬಿ ಹಾಲು ನಿಲ್ಲಿಸಿದರೂ ಇನ್ನೊಂದರದ್ದು ನಡೆಯುತ್ತಿರುತ್ತದೆ.

ಹಂಚುವಾಗಲೇ ಎಡವಟ್ಟಾಗುವುದು. ಇಟ್ಟ ಹಾಲಿನಲ್ಲಿ ಕೆನೆ ಮೇಲೆ ನಿಲ್ಲುತ್ತದೆ. ತಳದಿಂದ ಸಿರಿಂಜಿಗೆ ಎಳೆದರೆ ಒಂದಕ್ಕೆ ತೆಳು ಹಾಲು, ಇನ್ನೊಂದಕ್ಕೆ ಕೆನೆ. ಬಾಟಲಿಯನ್ನು ಮೆಲ್ಲಗೆ ತಿರುಗಿಸಿ ಬೆರೆಸಿದ ಮೇಲೇ ಹಂಚುತ್ತೇನೆ. ಡಾಕ್ಟರು ಫೋರ್ಟಿಫೈಯರ್ (ಹಾಲಿಗೆ ಬೆರೆಸುವ ಪೋಷಕಾಂಶ) ಬರೆದಿದ್ದರೆ ಹಂಚಿದ ನಂತರ, ಆಯಾ ಮಗುವಿನ ಪಾಲಿಗೆ ಮಾತ್ರ. ಸ್ಟಿಕ್ಕರಿನಲ್ಲಿ ತಾಯಿಯ ಹೆಸರು, ಟ್ವಿನ್ 1 ಅಥವಾ 2, ಹಿಂಡಿದ ತಾರೀಕು, ಗಂಟೆ.

ಹೊರಗೆ 4 ಗಂಟೆ ಇಡಬಹುದು ಎಂಬುದು 25 ಡಿಗ್ರಿಯ ಕೋಣೆಯ ಮಾತು. ನಮ್ಮ ಮೇ ತಿಂಗಳ ಸೆಖೆಗೆ ಹಿಂಡಿದ ಕೂಡಲೇ ಫ್ರಿಜ್ಜಿಗೆ, ಒಳಗಿನ ಶೆಲ್ಫಿಗೆ, ಬಾಗಿಲಲ್ಲಿ ಬೇಡ. ಹಾಲು ಸಾಲದಿದ್ದರೆ ಪಕ್ಕದ ಮಂಚದ ಬಾಣಂತಿಯಿಂದ ಕೇಳಿ ತರಬೇಡಿ. ಮಿಲ್ಕ್ ಬ್ಯಾಂಕಿನಲ್ಲಿ ದಾನಿಯ ರಕ್ತ ಪರೀಕ್ಷೆ ಆಗಿರುತ್ತದೆ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿರುತ್ತಾರೆ.

ಕಾಂಗರೂ ಆರೈಕೆಗೆ (ಮಗುವನ್ನು ಬರಿಮೈಗೆ ತಾಗಿಸಿ ಬೆಚ್ಚಗಿಡುವುದು) ಇಬ್ಬರನ್ನೂ ಒಟ್ಟಿಗೆ ಎದೆಗೆ ಕಟ್ಟಬಹುದು. ಮುಖ ಪಕ್ಕಕ್ಕೆ ತಿರುಗಿರಲಿ, ಮಗುವಿನ ಗದ್ದ ಅದರ ಎದೆಗೇ ಒತ್ತಿದರೆ ಉಸಿರು ಕಟ್ಟುತ್ತದೆ. ಮಳೆಗಾಲದಲ್ಲಿ ಅರೆಬರೆ ಒಣಗಿದ ಬೈರಾಸು ಸುತ್ತಿದರೆ ಮಗು ತಣ್ಣಗಾಗುತ್ತದೆ, ಇಸ್ತ್ರಿ ಹಾಕಿ ತನ್ನಿ.

ಒಂದು ಮಗು ಮೊದಲು ಡಿಸ್ಚಾರ್ಜ್ ಆದರೆ ಹಿಂಡುವುದು ನಿಂತುಹೋಗುವುದೇ ಹೆಚ್ಚು. ಮನೆಯ ಮಗು ಒಂದು ಬದಿ ಕುಡಿಯುವಾಗ ಇನ್ನೊಂದು ಬದಿಗೆ ಪಂಪ್ ಹಾಕಿ. ಪುತ್ತೂರು, ಬೆಳ್ತಂಗಡಿ ಕಡೆಯಿಂದ ಬಸ್ಸಿನಲ್ಲಿ ತರುವವರು ಐಸ್‌ಪ್ಯಾಕ್ ಇಟ್ಟ ಡಬ್ಬಿಯಲ್ಲಿ ತನ್ನಿ. ಫ್ರಿಜ್ಜಿನಿಂದ ತೆಗೆದ ಗಂಟೆಯನ್ನೂ ಸ್ಟಿಕ್ಕರಿನಲ್ಲಿ ಬರೆಯಿರಿ.