ಎರಡೂಕಾಲು ಸೆಕೆಂಡಿನ ಲೆಕ್ಕ

ದಾವಣಗೆರೆಯ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳುತ್ತೇನೆ. ಮುಕ್ತಪತನದ, ಅಂದರೆ ಯಾವ ತಡೆಯೂ ಇಲ್ಲದೆ ಬೀಳುವುದರ, ಪಾಠ ಮುಗಿದ ದಿನ ಒಬ್ಬ ಹುಡುಗ ಕಟ್ಟಡವೊಂದು ಕುಸಿಯುವ ವಾಟ್ಸಾಪ್ ವಿಡಿಯೊ ತೋರಿಸಲು ಮೊಬೈಲ್ ಹಿಡಿದು ಸ್ಟಾಫ್ ರೂಮಿಗೆ ಬಂದ. "ಸಾರ್, ಇದಕ್ಕೆ ವಿಮಾನನೇ ಬಡಿದಿಲ್ಲ. ಆದ್ರೂ ಕಲ್ಲು ಬಿದ್ದಂಗೆ ಬಿದ್ದೈತೆ. ಬಾಂಬ್ ಇಟ್ಟಿರ್ಲೇಬೇಕು."

ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ 7ನೇ ಕಟ್ಟಡ, 47 ಮಹಡಿ. 2001ರ ಸೆಪ್ಟೆಂಬರ್ 11ರಂದು ವಿಮಾನ ಬಡಿದು ಕುಸಿದ ಪಕ್ಕದ ಗೋಪುರದ ಅವಶೇಷ ಬಡಿದು ಬೆಂಕಿ ಹತ್ತಿತು. ಸುಮಾರು ಏಳು ಗಂಟೆ ಉರಿದು ಸಂಜೆ 5.20ಕ್ಕೆ ಕುಸಿಯಿತು.

ಅಳೆದೇ ನೋಡೋಣ ಅಂದೆ. ಒಂದು ಮಹಡಿಗೆ 3.9 ಮೀಟರ್ ಹಿಡಿದು, ಚಾವಣಿಯ ಅಂಚು 18 ಮಹಡಿಯಷ್ಟು ಇಳಿಯಲು ಎಷ್ಟು ಹೊತ್ತು ಬೇಕಾಯಿತೆಂದು ನೋಡಿದೆ. 5.4 ಸೆಕೆಂಡಿನ ಆಸುಪಾಸು. ಮುಕ್ತಪತನವಾಗಿದ್ದರೆ 3.8 ಸೆಕೆಂಡು ಸಾಕಿತ್ತು. "ನೋಡು, ಕಲ್ಲು ಬಿದ್ದಂಗೆ ಬಿದ್ದಿಲ್ಲ" ಅಂತ ಬೀಗಿದೆ. ಹುಡುಗ ತಲೆ ಕೆರೆದುಕೊಂಡ. "ಲ್ಯಾಬಲ್ಲಿ ಗ್ರಾಫಿಗೆ ಎರಡೇ ಬಿಂದು ಇಟ್ರೆ ಬೈತೀರಲ್ಲ ಸಾರ್?"

ಮಾತು ಚುಚ್ಚಿತು. ಇಬ್ಬರೂ ಕೂತು ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸಿ ಗುರುತು ಹಾಕಿದೆವು. ಮೊದಲು ವೇಗ ಏರಿದ್ದು ನಿಧಾನ, ಕೊನೆಗೂ ನಿಧಾನ. ನಡುವೆ ಎರಡು ಸೆಕೆಂಡಿಗೂ ಹೆಚ್ಚು ಕಾಲ ವೇಗದ ಗೆರೆಯ ಇಳಿಜಾರು ಮುಕ್ತಪತನದ 9.8ಕ್ಕೇ ಅಂಟಿಕೊಂಡಿತ್ತು. ಹುಡುಗ ಹೇಳಿದ್ದು ಸರಿ.

ಆಮೇಲೆ ಓದಿದರೆ, ಈ ಕುಸಿತದ ತನಿಖೆ ಮಾಡಿದ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ (NIST) ಕೂಡ 2008ರ ಆಗಸ್ಟಿನ ಕರಡಿನಲ್ಲಿ ನನ್ನ ಹಾಗೇ ಮೊದಲು-ಕೊನೆ ಮಾತ್ರ ಲೆಕ್ಕ ಹಾಕಿತ್ತು! ಅದನ್ನು ಪ್ರಶ್ನಿಸಿದವರು ಡೇವಿಡ್ ಚಾಂಡ್ಲರ್, ಹೈಸ್ಕೂಲಿನ ಭೌತಶಾಸ್ತ್ರ ಮೇಷ್ಟ್ರು. ನವೆಂಬರಿನ ಅಂತಿಮ ವರದಿ 2.25 ಸೆಕೆಂಡು, ಸುಮಾರು 8 ಮಹಡಿಯಷ್ಟು ಮುಕ್ತಪತನವನ್ನು ಒಪ್ಪಿಕೊಂಡಿತು.

ಹಾಗಂತ ಬಾಂಬ್ ಸಿಕ್ಕಂತಾಯಿತೇ? ಆ ಕ್ಷಣ ಕೆಳಗಿನಿಂದ ತಡೆಯುವ ಬಲ ಇರಲಿಲ್ಲ ಎಂದಷ್ಟೇ ಗ್ರಾಫ್ ಹೇಳುತ್ತದೆ; ಯಾಕೆ ಇರಲಿಲ್ಲ ಅನ್ನುವುದನ್ನಲ್ಲ. ಪೂರ್ತಿ ವಿಡಿಯೊ ಹುಡುಕಿ ಇನ್ನೂ ಹಿಂದಕ್ಕೆ ಓಡಿಸಿದೆವು. ನಾವು ಅಳೆದ ಕುಸಿತಕ್ಕೆ ಸುಮಾರು ಏಳು ಸೆಕೆಂಡು ಮೊದಲೇ ಚಾವಣಿಯ ಮೇಲಿನ ಪೂರ್ವದ ಕೋಣೆ ಒಳಕ್ಕೆ ಮುಳುಗುತ್ತದೆ. ವಾಟ್ಸಾಪ್ ತುಣುಕಿನಲ್ಲಿ ಅದನ್ನು ಕತ್ತರಿಸಿದ್ದರು. ಅಂದರೆ ಒಳಗಿನದ್ದು ಆಗಲೇ ಕುಸಿಯತೊಡಗಿತ್ತು, ನಾವು ಅಳೆದದ್ದು ಹೊರಗಿನ ಚಿಪ್ಪನ್ನು. ಅದರ ಕಂಬಗಳು ಎಂಟು ಮಹಡಿಯುದ್ದಕ್ಕೂ ಬಳುಕಿ ಮಡಚಿಕೊಂಡರೆ ತಡೆ ಎಲ್ಲಿಂದ ಬರಬೇಕು? ಇನ್ನು ಸ್ಫೋಟವಾಗಿದ್ದರೆ, ನಿಸ್ಟ್ ಲೆಕ್ಕದಂತೆ, ಅರ್ಧ ಮೈಲಿ ದೂರದಲ್ಲೂ 130 ಡೆಸಿಬಲ್ ಸದ್ದು ಕೇಳಬೇಕಿತ್ತು. ಯಾವ ರೆಕಾರ್ಡಿಂಗಿನಲ್ಲೂ ಅದಿಲ್ಲ.

"ಉಕ್ಕು ಕರಗಾಕೆ 1500 ಡಿಗ್ರಿ ಬೇಕಲ್ಲ ಸಾರ್?" ಇದಕ್ಕೆ ಉತ್ತರ ಅವನ ಮನೆಯಲ್ಲೇ ಇತ್ತು. ಅವರದು ಮಂಡಕ್ಕಿ ಭಟ್ಟಿ. ಒಲೆಯೊಳಗಿನ ಕಬ್ಬಿಣದ ಸರಳು ಹೇಗಿದೆ ನೋಡಿ ಬಾ ಅಂದೆ. ಮರುದಿನ ಫೋಟೊ ತಂದ. ಬಾಳೆಕಾಯಿಯಂತೆ ಬಾಗಿತ್ತು, ಒಂದು ಹನಿಯೂ ಕರಗಿರಲಿಲ್ಲ. 600 ಡಿಗ್ರಿ ಸುಮಾರಿಗೆ ಉಕ್ಕಿನ ಬಲ ಅರ್ಧಕ್ಕರ್ಧ ಇಳಿಯುತ್ತದೆ.

ಈ ಕಟ್ಟಡದಲ್ಲಂತೂ ಅಷ್ಟು ಕಾವೂ ಬೇಕಾಗಲಿಲ್ಲ. ಕಾದ ಉಕ್ಕು ಹಿಗ್ಗುತ್ತದೆ, ಮೀಟರಿಗೆ ಪ್ರತಿ ಡಿಗ್ರಿಗೆ 0.012 ಮಿಲಿಮೀಟರ್. 15 ಮೀಟರ್ ತೊಲೆ 400 ಡಿಗ್ರಿಯಷ್ಟು ಕಾದರೆ? ಹುಡುಗನೇ ಬೋರ್ಡಿನ ಮೇಲೆ ಬರೆದ: 72 ಮಿಲಿಮೀಟರ್. ಹೀಗೆ ಹಿಗ್ಗಿದ ತೊಲೆಗಳು 13ನೇ ಮಹಡಿಯ ಒಂದು ಗರ್ಡರನ್ನು (ದೊಡ್ಡ ತೊಲೆಯನ್ನು) ಅದರ ಆಸರೆಯಿಂದ ತಳ್ಳಿದವು, ಮಹಡಿಗಳು ಒಂದರ ಮೇಲೊಂದು ಬಿದ್ದವು, ಆಸರೆ ಕಳೆದುಕೊಂಡ 79ನೇ ಕಂಬ ಬಳುಕಿತು ಎನ್ನುವುದು ನಿಸ್ಟ್ ವಿವರಣೆ. ಊರಿನ ನೀರಿನ ಕೊಳವೆ ಒಡೆದಿದ್ದರಿಂದ ಕೆಳಮಹಡಿಗಳಲ್ಲಿ ಬೆಂಕಿ ಆರಿಸುವ ಸ್ಪ್ರಿಂಕ್ಲರ್‌ಗಳಿಗೆ ನೀರೂ ಇರಲಿಲ್ಲ.

ಹುಡುಗ ಪೂರ್ತಿ ಒಪ್ಪಿಲ್ಲ. ಈ ಕುಸಿತದ ಕಂಪ್ಯೂಟರ್ ಮಾದರಿಯ ಕೆಲವು ದತ್ತಾಂಶಗಳನ್ನು ಸಾರ್ವಜನಿಕ ಸುರಕ್ಷತೆಯ ಕಾರಣಕ್ಕೆ ನಿಸ್ಟ್ ಬಿಡುಗಡೆ ಮಾಡಿಲ್ಲ ಎಂದು ಎಲ್ಲೋ ಓದಿಕೊಂಡು ಬಂದ. "ನಾವು ಲ್ಯಾಬ್ ರೆಕಾರ್ಡಲ್ಲಿ ರೀಡಿಂಗ್ ಬರೀದೆ ಬರೀ ಉತ್ತರ ಬರೆದ್ರೆ ಬಿಡ್ತೀರಾ ಸಾರ್?" ಬಿಡಲ್ಲ ಅಂದೆ.