ರಕ್ಷಣೆಗೆ ಹೊರಡುವ ಮುನ್ನ ಮಿತಿಗಳನ್ನು ಅಳೆಯುವುದು

ಸಮುದ್ರದಲ್ಲಿ ಅಪಾಯದ ಕರೆ ಬಂದೊಡನೆ ಕರೆ ಮಾಡಿದ ಹಡಗಿನ ಸ್ಥಾನ, ಜನರ ಸಂಖ್ಯೆ ಮತ್ತು ಅಪಾಯದ ಸ್ವರೂಪವನ್ನು ಬರೆದುಕೊಳ್ಳಿ. ಹೊರಡುವ ಮೊದಲು ಅಲೆಯ ಎತ್ತರ, ಗಾಳಿಯ ವೇಗ, ಹೋಗಿ ಬರಲು ಬೇಕಾದ ಇಂಧನ ಹಾಗೂ ಸಿಬ್ಬಂದಿಯ ಆಯಾಸವನ್ನು, ಮುಂಚಿತವಾಗಿಯೇ ಲಿಖಿತವಾಗಿ ನಿಗದಿಪಡಿಸಿದ ಮಿತಿಗಳೊಂದಿಗೆ ಹೋಲಿಸಿ ನೋಡಬೇಕು. ಮೊರೆ ಕೇಳಿದ ಮೇಲೆ ಮಿತಿ ನಿರ್ಧರಿಸಲು ಕುಳಿತರೆ ಮನಸ್ಸು ಅದನ್ನು ಸಡಿಲಿಸಿಬಿಡುತ್ತದೆ. ನೀರಿನಲ್ಲಿರುವವರಿಗೆ ಮೊದಲು ಹಗ್ಗ ಎಸೆಯಿರಿ. ಈಜುಗಾರನನ್ನು ಇಳಿಸುವುದು ಕೊನೆಯ ಉಪಾಯ, ಅದೂ ಸುರಕ್ಷತಾ ಹಗ್ಗ ಕಟ್ಟಿಯೇ. ತಣ್ಣೀರಿನಲ್ಲಿ ಬಹಳ ಹೊತ್ತು ಇದ್ದವರನ್ನು ಸಾಧ್ಯವಾದಷ್ಟು ಮಲಗಿದ ಭಂಗಿಯಲ್ಲೇ ಮೇಲೆತ್ತಬೇಕು, ಏಕೆಂದರೆ ನೆಟ್ಟಗೆ ಎತ್ತಿದಾಗ ರಕ್ತದೊತ್ತಡ ಹಠಾತ್ತನೆ ಕುಸಿಯಬಹುದು. ನೆರವು ನೀಡುವುದು ಹಡಗಿನ ಕ್ಯಾಪ್ಟನ್‌ನ ಕರ್ತವ್ಯವೆಂದು ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಗಾಗಿರುವ ಅಂತರರಾಷ್ಟ್ರೀಯ) ಒಪ್ಪಂದದ 5ನೇ ಅಧ್ಯಾಯ ವಿಧಿಸುತ್ತದೆ. ಅದು ಅಸಾಧ್ಯವೆನಿಸಿದರೆ ಕಾರಣವನ್ನು ಲಾಗ್‌ಬುಕ್‌ನಲ್ಲಿ ದಾಖಲಿಸಿ, ಸಂಬಂಧಪಟ್ಟ ರಕ್ಷಣಾ ಸೇವೆಗೆ ಕೂಡಲೇ ತಿಳಿಸಿ.